ಮಾಸಿನ ಸೀರಮ್, ತಗಡಿನ ಶೆಡ್ಡು, 42 ಡಿಗ್ರಿ ಬಿಸಿಲು

ಪ್ರಶ್ನೆ: ಮೇಡಂ, ನಮಸ್ಕಾರ. ಸಿಂಧನೂರಿನಲ್ಲಿ ಎಂಟು ವರ್ಷದಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೇನೆ. ಮದುವೆ ಸೀಸನ್ನಿಗೆಂದು ಏಪ್ರಿಲ್‌ನಲ್ಲಿ ಹೈದರಾಬಾದಿನ ಡೀಲರ್ ಒಬ್ಬರಿಂದ ಕುರಿ ಪ್ಲಾಸೆಂಟಾ, ಅಂದರೆ ಕುರಿಯ ಮಾಸಿನ ಸೀರಮ್ ತರಿಸಿದೆ. ನಾಲ್ಕು ಬಾಕ್ಸ್, ರಬ್ಬರ್ ಮುಚ್ಚಳದ ಪುಟ್ಟ ವಯಲ್‌ಗಳು. ಬಾಕ್ಸ್ ಮೇಲೆ 'ಸಜೀವ ಎಂಜೈಮ್ ಇದೆ, 2ರಿಂದ 8 ಡಿಗ್ರಿಯಲ್ಲಿ ಇಡಿ' ಎಂದು ಬರೆದಿದೆ. ಆದರೆ ಬಂದದ್ದು ಮಾಮೂಲಿ ರಟ್ಟಿನ ಡಬ್ಬಿಯಲ್ಲಿ. ನಡುವೆ ಭಾನುವಾರ ಬಿದ್ದು ಎರಡು ದಿನ ಕೊರಿಯರ್‌ನವರ ತಗಡಿನ ಶೆಡ್ಡಿನಲ್ಲೇ ಉಳಿಯಿತು. ಹೊರಗೆ 42 ಡಿಗ್ರಿ ಇತ್ತು. ತೆಗೆದು ನೋಡಿದರೆ ಕೆಲವು ಹಳದಿಗೆ ತಿರುಗಿವೆ, ಒಂದೆರಡರಲ್ಲಿ ಎಳೆ ಎಳೆಯಾಗಿ ಏನೋ ತೇಲುತ್ತಿದೆ. ಡೀಲರ್‌ಗೆ ಫೋನ್ ಮಾಡಿದರೆ, 'ಎಂಜೈಮ್ ನಿದ್ದೆ ಹೋಗಿರುತ್ತೆ, ಎರಡು ದಿನ ಫ್ರಿಜ್‌ನಲ್ಲಿಡಿ, ಎದ್ದೇಳುತ್ತೆ' ಅಂದರು. ಸೂಜಿ ರೋಲರ್ ಆಡಿಸಿ ಹಚ್ಚಿದರೆ ಚರ್ಮದ ಒಳಗೆ ಹೋಗುತ್ತೆ ಅಂತಲೂ ಹೇಳಿದರು. ನಮ್ಮ ಮಾವನವರ ಊರು ಕುಷ್ಟಗಿ ಕಡೆ, ಅಲ್ಲಿ ಕುರಿ ಇವೆ. ತಾಜಾ ಮಾಸಿನಿಂದ ನಾವೇ ಮಾಡಿಕೊಳ್ಳಬಹುದಾ? ಮನುಷ್ಯರ ಮಾಸಿನದು ಇನ್ನೂ ಒಳ್ಳೆಯದು ಅಂತಾರೆ, ನಿಜವಾ? ಐದು ಜನ ವಧುಗಳಿಂದ ಅಡ್ವಾನ್ಸ್ ತೆಗೆದುಕೊಂಡಿದ್ದೇನೆ, ಏನು ಮಾಡಲಿ ತಿಳಿಯುತ್ತಿಲ್ಲ.

ಉತ್ತರ: ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಎಳೆ ತೇಲುತ್ತಿರುವ ವಯಲ್‌ಗಳನ್ನು ಯಾರ ಮುಖಕ್ಕೂ ಹಚ್ಚಬೇಡಿ. ಉಳಿದವನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಹಾಗಂತ ಚೆಲ್ಲಬೇಡಿ. ವಯಲ್, ಡಬ್ಬಿ, ಬಿಲ್ಲು, ಕೊರಿಯರ್ ಚೀಟಿ ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ, ಡೀಲರ್ ಜೊತೆ ಮಾತಾಡುವಾಗ ಬೇಕಾಗುತ್ತವೆ. ಕುರಿ ಮಾಸು ತಂದು ಮನೆಯಲ್ಲೇ ಮಾಡುವ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ.

ಈಗ ನಿಮ್ಮ ಚಿಂತೆಗೆ ಬರೋಣ. ಎಂಜೈಮ್ ಸತ್ತಿತೋ ಉಳಿದಿದೆಯೋ ಅನ್ನೋದು ನಿಮ್ಮ ಮುಖ್ಯ ಪ್ರಶ್ನೆ. ಬಳ್ಳಾರಿಯಲ್ಲಿ ಕೂತು ಇಂಥ ಸ್ಯಾಂಪಲ್‌ಗಳನ್ನು ಬಹಳ ವರ್ಷ ಅಳೆದಿದ್ದೇನೆ. ಪ್ರತಿ ಬೇಸಿಗೆಯಲ್ಲೂ ಪಾರ್ಲರ್‌ನವರು, ಮೆಡಿಕಲ್ ಶಾಪ್‌ನವರು ಇದೇ ಪ್ರಶ್ನೆ ತರುತ್ತಾರೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಎಂಜೈಮ್ ಉಳಿದಿದ್ದರೂ ನಿಮಗೆ ಲಾಭವಿಲ್ಲ, ಹೋಗಿದ್ದರೂ ನಷ್ಟವಿಲ್ಲ. ಹೆದರಬೇಕಾದ ವಿಷಯ ಬೇರೆಯೇ ಇದೆ. ಅದು ಅರ್ಥವಾಗಬೇಕಾದರೆ ಎಂಜೈಮ್ ಅಂದರೇನು ಅಂತ ಸ್ವಲ್ಪ ತಿಳಿಯಬೇಕು.

'ಸಜೀವ ಎಂಜೈಮ್' ಅನ್ನೋ ಮಾತೇ ತಪ್ಪು. ಎಂಜೈಮ್, ಅಂದರೆ ಕಿಣ್ವ, ಜೀವ ಇರುವ ವಸ್ತುವಲ್ಲ. ಅದು ಪ್ರೋಟೀನಿನ ಒಂದು ಉದ್ದ ಎಳೆ, ಒಂದು ನಿರ್ದಿಷ್ಟ ರೀತಿಯಲ್ಲಿ ಸುತ್ತಿಕೊಂಡಿರುತ್ತದೆ. ನಮ್ಮ ಹಿರಿಯರು ತಲೆಗೆ ಪಟಗ ಸುತ್ತುತ್ತಿದ್ದರಲ್ಲ, ಹಾಗೆ. ಬಟ್ಟೆಯನ್ನು ಸರಿಯಾಗಿ ಸುತ್ತಿದರೆ ಪಟಗ. ಬಿಚ್ಚಿದರೆ ಬಟ್ಟೆ ಅದೇ, ಅಳತೆ ಅದೇ, ಆದರೆ ಪಟಗ ಇಲ್ಲ. ಕಿಣ್ವ ಕೆಲಸ ಮಾಡೋದು ಆ ಸುತ್ತಿನ ನಡುವೆ ಇರುವ ಒಂದು ಪುಟ್ಟ ಗೂಡಿನಲ್ಲಿ. ಬಿಸಿ ಜಾಸ್ತಿಯಾದರೆ ಸುತ್ತು ಸಡಿಲವಾಗುತ್ತದೆ, ಗೂಡು ಕೆಡುತ್ತದೆ. ಬಿಚ್ಚಿದ ಹತ್ತು ಪಟಗಗಳನ್ನು ಒಂದೇ ಬುಟ್ಟಿಗೆ ಹಾಕಿದರೆ ಒಂದಕ್ಕೊಂದು ತೊಡರಿಕೊಳ್ಳುತ್ತವೆ ಅಲ್ವಾ? ಪ್ರೋಟೀನು ಕೂಡ ಹಾಗೆ ತೊಡರಿಕೊಂಡು ಎಳೆ ಎಳೆಯಾಗಿ, ಬಿಳಿ ಚೂರಾಗಿ ಕಾಣುತ್ತದೆ. ನಿಮ್ಮ ವಯಲ್‌ನಲ್ಲಿ ತೇಲುತ್ತಿರುವುದು ಅದೂ ಇರಬಹುದು. ಬೆಳೆದ ಸೂಕ್ಷ್ಮಜೀವಿಗಳ ಗುಂಪೂ ಇರಬಹುದು. ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ನನಗೂ ಅಷ್ಟೇ.

ಹಳದಿ ಬಣ್ಣದ ಕಥೆ ಬೇರೆ. ಸಕ್ಕರೆ ಅಂಶ ಮತ್ತು ಅಮೈನೋ ಆಮ್ಲ ಒಟ್ಟಿಗೆ ಬಿಸಿಯಲ್ಲಿ ಕೂತರೆ ನಿಧಾನಕ್ಕೆ ಕಂದು ಬಣ್ಣಕ್ಕೆ ಹೋಗುತ್ತವೆ. ರೊಟ್ಟಿ ಹಂಚಿನ ಮೇಲೆ ಕಂದುವ ಹಾಗೆ, ಆದರೆ ಬಹಳ ನಿಧಾನ. ಬಣ್ಣ ತಿರುಗಿದ ಮಾತ್ರಕ್ಕೆ ಕಿಣ್ವ ಹೋಯಿತು ಅಂತಲ್ಲ. ಬಿಸಿ ತಗುಲಿದೆ ಅನ್ನೋದಕ್ಕೆ ಗುರುತು, ಅಷ್ಟೇ.

ಸರಿ, ಯಾವ ಕಿಣ್ವ? ಮಾಸಿನ ಸಾರದಲ್ಲಿ ಹಲವು ಇರುತ್ತವೆ. ಮಾರುವವರು ಸಾಮಾನ್ಯವಾಗಿ ಯೂನಿಟ್ ಲೆಕ್ಕ ಕೊಡುವುದು ಆಲ್ಕಲೈನ್ ಫಾಸ್ಫಟೇಸ್ ಎಂಬುದರದ್ದು. ಇದು ನಿಮಗೆ ಹೊಸದೇನಲ್ಲ. ಲಿವರ್ ಟೆಸ್ಟ್ ಮಾಡಿಸಿದಾಗ ರಿಪೋರ್ಟಿನಲ್ಲಿ 'ಎಎಲ್‌ಪಿ' ಅಂತ ಒಂದು ಸಾಲು ಇರುತ್ತದಲ್ಲ, ಅದೇ. ಲಿವರ್, ಮೂಳೆ, ಕರುಳು ಎಲ್ಲ ಕಡೆ ಇರುತ್ತದೆ. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಈ ಅಂಕಿ ಮೇಲೇರುತ್ತದೆ. ಹೆಚ್ಚಿನ ಪಾಲು ಮಾಸಿನಿಂದ ಬಂದದ್ದು, ಲಿವರ್ ತೊಂದರೆ ಅಂತ ಸುಮ್ನೆ ಗಾಬರಿಯಾಗೋ ಮನೆಯವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮನುಷ್ಯರ ಮಾಸಿನ ಈ ಕಿಣ್ವ ಬಹಳ ಗಟ್ಟಿ. 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೂ ತನ್ನ ಕೆಲಸ ಬಿಡೋದಿಲ್ಲ. ಅದೇ ರೀತಿಯ ಮೂಳೆಯ ಕಿಣ್ವ 56 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೇ ಬಹುಪಾಲು ಸೋಲುತ್ತದೆ. ಈಗಿನ ಯಂತ್ರಗಳು ಬರುವ ಮೊದಲು ಲ್ಯಾಬ್‌ನವರು ರಕ್ತದ ಸ್ಯಾಂಪಲ್ ಕಾಯಿಸಿ ನೋಡಿಯೇ ಈ ಕಿಣ್ವ ಮೂಳೆಯದೋ, ಮಾಸಿನದೋ ಅಂತ ಗುರುತಿಸುತ್ತಿದ್ದರು. 'ಪ್ಲಾಸೆಂಟಾ ಎಂಜೈಮ್ ಬಿಸಿಗೆ ಜಗ್ಗಲ್ಲ' ಅನ್ನೋ ಮಾತು ಮಾರುಕಟ್ಟೆಗೆ ಬಂದದ್ದು ಇಲ್ಲಿಂದಲೇ ಇರಬೇಕು.

ಆದರೆ ಈ ಗಟ್ಟಿ ನಮೂನೆ ಇರೋದು ಮನುಷ್ಯರಲ್ಲಿ ಮತ್ತು ಚಿಂಪಾಂಜಿಯಂಥ ನಮ್ಮ ಹತ್ತಿರದ ವಾನರಗಳಲ್ಲಿ. ಕುರಿಯ ಮಾಸಿನಲ್ಲಿ ಇರೋದು ಲಿವರ್, ಮೂಳೆಯಲ್ಲಿರುವ ಮಾಮೂಲಿ ನಮೂನೆ, ಬಿಸಿಗೆ ಮೆತ್ತಗಾಗೋದು. ಮನುಷ್ಯರ ಕಿಣ್ವದ ಕೀರ್ತಿಯನ್ನು ಕುರಿಯ ಬಾಟಲಿಗೆ ಅಂಟಿಸಿ ಮಾರುತ್ತಾರೆ. ತಗಡಿನ ಶೆಡ್ಡಿನ ಒಳಗೆ ಹೊರಗಿಗಿಂತ ಜಾಸ್ತಿ ಬಿಸಿ. 42ಕ್ಕೂ ಮೇಲೆ ಎರಡು ಹಗಲು ಕೂತ ಸೀರಮ್‌ನಲ್ಲಿ ಕಿಣ್ವದ ಒಂದು ಪಾಲು ಹೋಗಿರುತ್ತದೆ. ಎಷ್ಟು ಪಾಲು ಅಂತ ಅಳೆದೇ ಹೇಳಬೇಕು. ಅಳೆಯೋದು ಕಷ್ಟವಲ್ಲ. ಪಿಎನ್‌ಪಿಪಿ ಅನ್ನೋ ಬಣ್ಣವಿಲ್ಲದ ರಾಸಾಯನಿಕ ಹಾಕಿದರೆ, ಕಿಣ್ವ ಇದ್ದಷ್ಟೂ ದ್ರಾವಣ ಹಳದಿಯಾಗುತ್ತದೆ. ಬಯೊಕೆಮಿಸ್ಟ್ರಿ ಓದುವ ಹುಡುಗರು ಕಾಲೇಜಿನ ಲ್ಯಾಬ್‌ನಲ್ಲೇ ಮಾಡುವ ಪ್ರಯೋಗ ಇದು. ನಿಮ್ಮ ವಯಲ್‌ನ ಹಳದಿಗೂ ಇದಕ್ಕೂ ಸಂಬಂಧವಿಲ್ಲ, ಬೆರೆಸಿಕೊಳ್ಳಬೇಡಿ.

ಫ್ರಿಜ್‌ನಲ್ಲಿಟ್ಟರೆ ಎದ್ದೇಳುತ್ತೆ ಅನ್ನೋದು? ತಂಪಿನಲ್ಲಿ ಕಿಣ್ವದ ಕೆಲಸ ನಿಧಾನವಾಗುತ್ತದೆ, ಬೆಚ್ಚಗಾದರೆ ಮತ್ತೆ ಚುರುಕಾಗುತ್ತದೆ. ಅದನ್ನು ನಿದ್ದೆ ಅನ್ನಬಹುದು. ಬಿಸಿಯಲ್ಲಿ ಬಿಚ್ಚಿಕೊಂಡದ್ದು ನಿದ್ದೆಯಲ್ಲ. ಬೆಂದ ಮೊಟ್ಟೆಯನ್ನು ಫ್ರಿಜ್‌ನಲ್ಲಿಟ್ಟರೆ ಹಸಿ ಮೊಟ್ಟೆ ಆಗುತ್ತದೆಯೇ? ಆದರೂ ನ್ಯಾಯಕ್ಕೆ ಒಂದು ಮಾತು ಹೇಳಬೇಕು. ಡೈರಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ತುಂಬ ಹೆಚ್ಚಿನ ಬಿಸಿಯಲ್ಲಿ ಕೆಲವೇ ಸೆಕೆಂಡು ಕಾಯಿಸಿದ ಹಾಲಿನ ಕೆನೆಯಲ್ಲಿ ಈ ಫಾಸ್ಫಟೇಸ್ ಸತ್ತ ಹಾಗೆ ಕಂಡು, ಕೆಲವು ದಿನದ ಮೇಲೆ ಸ್ವಲ್ಪ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು ಆಗೋದು ಬೆಚ್ಚಗಿನ ಜಾಗದಲ್ಲಿ ಇಟ್ಟಾಗ, ಫ್ರಿಜ್‌ನಲ್ಲಿ ಅಲ್ಲ. ಡೀಲರ್ ಈ ಸಂಗತಿ ಓದಿ ಹೇಳಿರಲಾರರು, ಫೋನ್ ಇಡಿಸಬೇಕಿತ್ತು ಅಷ್ಟೆ.

ಬಿಸಿಲೊಂದನ್ನೇ ದೂರಬೇಡಿ. ಕಿಣ್ವವನ್ನು ಕೆಡಿಸುವ ದಾರಿಗಳು ಬಾಟಲಿಯ ಒಳಗೇ ಬೇಕಾದಷ್ಟಿವೆ. ಲೇಬಲ್ಲಿನಲ್ಲಿ ಡೈಸೋಡಿಯಂ ಇಡಿಟಿಎ ಅಂತ ಇದೆಯಾ ನೋಡಿ. ಕ್ರೀಮು, ಸೀರಮ್ಮುಗಳಲ್ಲಿ ಬಹಳ ಸಾಮಾನ್ಯ, ಸಂರಕ್ಷಕಕ್ಕೆ ಬಲ ಕೊಡಲು ಹಾಕುತ್ತಾರೆ. ಅದು ದ್ರಾವಣದಲ್ಲಿರುವ ಲೋಹದ ಅಂಶವನ್ನು ಹಿಡಿದು ಕಟ್ಟಿಹಾಕುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಕೆಲಸ ಮಾಡಬೇಕಾದರೆ ಅದರ ಗೂಡಿನಲ್ಲಿ ಸತು ಇರಲೇಬೇಕು. ಇಡಿಟಿಎ ಆ ಸತುವನ್ನೇ ಕಿತ್ತುಕೊಂಡರೆ ಕಿಣ್ವ ಸುಮ್ಮನೆ ಕೂರುತ್ತದೆ. ಒಂದು ಸಲ ನನ್ನ ಹತ್ತಿರ ಬಂದ ಸೀರಮ್ಮಿನಲ್ಲಿ ಎರಡೂ ಇದ್ದವು. ಮುಂದಿನ ಲೇಬಲ್ಲಿನಲ್ಲಿ ಎಂಜೈಮ್ ಅಂತ ದೊಡ್ಡ ಅಕ್ಷರ, ಹಿಂದಿನ ಲೇಬಲ್ಲಿನಲ್ಲಿ ಅದರ ವೈರಿ ಸಣ್ಣ ಅಕ್ಷರದಲ್ಲಿ. ಫ್ರಿಜ್‌ನಲ್ಲೇ ಇಟ್ಟು ತಂದಿದ್ದರು ಪಾಪ, ಅಳೆದರೆ ಏನೂ ಇರಲಿಲ್ಲ. ಇನ್ನು ಮಾಸಿನ ಹಸಿ ಸಾರದಲ್ಲಿ ಪ್ರೋಟೀನನ್ನೇ ತುಂಡರಿಸುವ ಬೇರೆ ಕಿಣ್ವಗಳಿರುತ್ತವೆ, ಅವು ಪಕ್ಕದವರನ್ನೇ ತಿಂದು ಹಾಕುತ್ತವೆ. ಜಾಸ್ತಿ ಆಲ್ಕೊಹಾಲ್, ನೊರೆ ಬರುವ ಹಾಗೆ ಕುಲುಕುವುದು, ಫ್ರೀಜರ್‌ನಲ್ಲಿಟ್ಟು ಕರಗಿಸಿ ಮತ್ತೆ ಇಡುವುದು, ಇವೂ ಕೆಡಿಸುತ್ತವೆ. ಗ್ಲಿಸರಿನ್, ಟ್ರೆಹಲೋಸ್‌ನಂಥ ಸಕ್ಕರೆ ಇದ್ದರೆ ಸ್ವಲ್ಪ ಕಾಯುತ್ತವೆ. ನೀರು ತೆಗೆದು ಒಣಗಿಸಿದ ಪುಡಿ ಎಲ್ಲಕ್ಕಿಂತ ಗಟ್ಟಿ, ಆದರೆ ದ್ರವ ಬೆರೆಸಿದ ಗಳಿಗೆಯಿಂದ ಅದರ ಆಯುಸ್ಸೂ ಕಡಿಮೆಯಾಗುತ್ತ ಹೋಗುತ್ತದೆ.

ಇನ್ನೊಂದು ವಿಷಯ ಕೇಳಿದರೆ ನಿಮಗೆ ನಗು ಬರಬಹುದು. ಮಾರುಕಟ್ಟೆಯ ಎಷ್ಟೋ 'ಪ್ಲಾಸೆಂಟಾ ಎಕ್ಸ್‌ಟ್ರಾಕ್ಟ್'ಗಳಲ್ಲಿ ಕಿಣ್ವ ಮೊದಲಿನಿಂದಲೇ ಇರೋದಿಲ್ಲ. ಮಾಸನ್ನು ಆಮ್ಲ ಹಾಕಿಯೋ, ಬೇರೆ ಕಿಣ್ವ ಹಾಕಿಯೋ ಪೂರ್ತಿ ಚೂರು ಮಾಡುತ್ತಾರೆ. ಲೇಬಲ್ಲಿನಲ್ಲಿ ಹೈಡ್ರೊಲೈಸ್ಡ್ ಅಂತ ಇದ್ದರೆ ಅದರ ಅರ್ಥ ಇದೇ. ಉಳಿಯೋದು ಅಮೈನೋ ಆಮ್ಲ, ಸಣ್ಣ ಪೆಪ್ಟೈಡು (ಪ್ರೋಟೀನಿನ ಚೂರು), ಒಂದಿಷ್ಟು ಉಪ್ಪಿನಂಶ. ಮಾಸಿನ ಸಾರದ ಚಿಕಿತ್ಸೆಯ ಮೂಲಪುರುಷ ಅನ್ನಬಹುದಾದ, ಉಕ್ರೇನಿನ ಒಡೆಸ್ಸಾ ಊರಿನ ಕಣ್ಣಿನ ವೈದ್ಯ ವ್ಲಾದಿಮಿರ್ ಫಿಲಾತೋವ್ 1930ರ ದಶಕದಲ್ಲಿ ಮಾಸು, ಲೋಳೆಸರ ಮುಂತಾದವನ್ನು ತಂಪಿನಲ್ಲಿಟ್ಟು ಸಾರ ತೆಗೆಯುತ್ತಿದ್ದರು. ಆಮೇಲೆ ಆಟೊಕ್ಲೇವ್ ಅನ್ನೋ ಒತ್ತಡದ ಪಾತ್ರೆಯಲ್ಲಿ 120 ಡಿಗ್ರಿಗೆ ಕಾಯಿಸುತ್ತಿದ್ದರು. ಅದರಲ್ಲಿ ಏನೋ ಒಂದು ಗುಣಕಾರಿ ಅಂಶ ಇದೆ, ಅದು ಅಷ್ಟು ಬಿಸಿಯನ್ನೂ ತಡೆಯುತ್ತದೆ ಅನ್ನೋದು ಅವರ ವಾದ. ಆ ವಾದ ಸರಿಯೋ ತಪ್ಪೋ ಬೇರೆ ಮಾತು. 120 ಡಿಗ್ರಿ ದಾಟಿದ ಸಾರದಲ್ಲಿ ಕಿಣ್ವ ಇರೋದಿಲ್ಲ ಅನ್ನೋದು ಗಟ್ಟಿ. ಜಪಾನಿನಲ್ಲಿ ಔಷಧಿಯಾಗಿ ಬಳಸುವ ಮಾಸಿನ ಇಂಜೆಕ್ಷನ್‌ಗಳೂ ಹೀಗೆ ಚೂರು ಮಾಡಿ, ಕಾಯಿಸಿ ಮಾಡಿದವೇ.

ಈಗ ಒಂದು ಲೆಕ್ಕಕ್ಕೆ, ನಿಮ್ಮ ಸೀರಮ್ಮಿನ ಕಿಣ್ವ ಪೂರ್ತಿ ಉಳಿದಿದೆ ಅಂದುಕೊಳ್ಳೋಣ. ಮುಖದ ಮೇಲೆ ಏನು ಮಾಡುತ್ತದೆ? ಈ ಕಿಣ್ವ ಚೆನ್ನಾಗಿ ಕೆಲಸ ಮಾಡೋದು ಪಿಎಚ್ 10ರ ಆಸುಪಾಸಿನಲ್ಲಿ, ಹೆಚ್ಚು ಕಡಿಮೆ ಸೋಪಿನ ನೀರಿನಷ್ಟು ಕ್ಷಾರ. ಚರ್ಮದ ಮೇಲ್ಮೈ ಸುಮಾರು 5, ತುಸು ಹುಳಿ. ಇನ್ನು ಒಳಗೆ ಹೋಗುವ ಮಾತು. ಆರೋಗ್ಯವಂತ ಚರ್ಮದ ಮೂಲಕ ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ) ದೊಡ್ಡ ಅಣುಗಳು ಹೋಗೋದು ಬಹಳ ಕಷ್ಟ ಅನ್ನೋದು ಔಷಧಿ ಕ್ರೀಮು ಮಾಡುವವರೆಲ್ಲ ಇಟ್ಟುಕೊಂಡ ಲೆಕ್ಕ. ಈ ಕಿಣ್ವದ ತೂಕ ಲಕ್ಷ ಡಾಲ್ಟನ್‌ಗೂ ಮೇಲೆ. ಜರಡಿಯಲ್ಲಿ ಕುಂಬಳಕಾಯಿ ಸೋಸಿದ ಹಾಗೆ. ಹಾಗಾದರೆ ಹಚ್ಚಿದ ತಕ್ಷಣ ಮುಖ ಹೊಳೆಯುತ್ತಲ್ಲ ಅಂತೀರಿ. ಹೊಳೆಯುತ್ತದೆ, ನಾನು ಇಲ್ಲ ಅನ್ನಲ್ಲ. ಗ್ಲಿಸರಿನ್, ಹಯಲುರಾನಿಕ್ ಆಸಿಡ್, ಅಮೈನೋ ಆಮ್ಲಗಳು ನೀರು ಹಿಡಿದಿಡುತ್ತವೆ. ನಮ್ಮ ರಾಯಚೂರು, ಬಳ್ಳಾರಿಯ ಒಣ ಹವೆಯಲ್ಲಿ ಒಣಗಿದ ಚರ್ಮಕ್ಕೆ ನೀರು ಸಿಕ್ಕರೆ ಯಾರ ಮುಖವಾದರೂ ಅರಳುತ್ತದೆ.

ರೋಲರ್ ಮಾತು ಇಲ್ಲೇ ಬರುತ್ತದೆ. ಚರ್ಮ ತಡೆಯುತ್ತೆ ಅಂತ ಗೊತ್ತಿದ್ದೇ ಸೂಜಿ ರೋಲರ್ ಆಡಿಸಿ ಅಂತಾರೆ. ತಡೆಯೋದೇ ಚರ್ಮದ ಕೆಲಸ. ಅದನ್ನು ಸಾವಿರ ಕಡೆ ಚುಚ್ಚಿ, ಮೇಲೆ ಬಿಸಿಲಲ್ಲಿ ಕೂತಿದ್ದ ಪ್ರಾಣಿ ಪ್ರೋಟೀನು ಸವರಿದರೆ ಸೋಂಕು ಆಗಬಹುದು, ಅಲರ್ಜಿ ಆಗಬಹುದು, ತಿಂಗಳುಗಟ್ಟಲೆ ಹೋಗದ ಗಂಟುಗಳು ಏಳಬಹುದು. ಮುಖಕ್ಕೆ ಹಚ್ಚುವ ಸೀರಮ್ಮಿನಲ್ಲಿ ಸೂಕ್ಷ್ಮಜೀವಿ ಕಡಿಮೆ ಇದ್ದರೆ ಸಾಕು ಅಂತ ಮಾಡಿರುತ್ತಾರೆ. ಚುಚ್ಚಿ ಒಳಗೆ ಬಿಡೋದಕ್ಕೆ ಪೂರ್ತಿ ಸ್ಟೆರೈಲ್ ಇರಬೇಕು. ಎರಡೂ ಬೇರೆ ಬೇರೆ ದರ್ಜೆಯ ವಸ್ತುಗಳು. ಈ ಕೆಲಸ ಚರ್ಮದ ಡಾಕ್ಟರ ಕೋಣೆಯಲ್ಲಿ ಆಗಬೇಕಾದ್ದು, ಪಾರ್ಲರ್‌ನಲ್ಲಿ ಅಲ್ಲ. ಕಟುವಾಗಿ ಹೇಳಿದೆ ಅನಿಸಿದರೆ ಕ್ಷಮಿಸಿ.

ಹೆದರಬೇಕಾದ ವಿಷಯ ಬೇರೆ ಅಂದೆನಲ್ಲ, ಅದನ್ನು ಹಾಲಿನಿಂದ ಶುರು ಮಾಡುತ್ತೇನೆ. ಹಾಲಿನಲ್ಲೂ ಇದೇ ಆಲ್ಕಲೈನ್ ಫಾಸ್ಫಟೇಸ್ ಇರುತ್ತದೆ. ಡೈರಿಯಲ್ಲಿ ಹಾಲನ್ನು 72 ಡಿಗ್ರಿಗೆ 15 ಸೆಕೆಂಡ್ ಕಾಯಿಸಿ ಪಾಶ್ಚರೀಕರಣ ಮಾಡುತ್ತಾರೆ. ಸರಿಯಾಗಿ ಆಯಿತೋ ಇಲ್ಲವೋ ನೋಡಲು ಮಾಡುವ ಪರೀಕ್ಷೆಯ ಹೆಸರೇ ಫಾಸ್ಫಟೇಸ್ ಟೆಸ್ಟ್. ಯಾಕೆಂದರೆ ಹಾಲಿನಿಂದ ಬರುವ ಮುಖ್ಯ ರೋಗಾಣುಗಳಿಗಿಂತ ಈ ಕಿಣ್ವ ತುಸು ಹೆಚ್ಚು ಗಟ್ಟಿ. ಕಿಣ್ವ ಸತ್ತಿದ್ದರೆ ರೋಗಾಣು ಸತ್ತಿರುತ್ತದೆ ಅಂತ ಲೆಕ್ಕ. ಕಿಣ್ವ ಉಳಿದಿದ್ದರೆ? ಆ ಹಾಲು ಪಾಸಾಗೋದಿಲ್ಲ.

ಈಗ ನಿಮ್ಮ ಬಾಕ್ಸ್ ಮೇಲಿನ ಮಾತನ್ನು ಇನ್ನೊಮ್ಮೆ ಓದಿ. ಡೈರಿಯಲ್ಲಿ ಯಾವುದು ಫೇಲ್ ಅನ್ನೋದಕ್ಕೆ ಗುರುತೋ, ಅದನ್ನೇ ಇಲ್ಲಿ ಹೆಮ್ಮೆಯಿಂದ ಬರೆದಿದ್ದಾರೆ. ಕುರಿಯ ಮಾಸಿನ ಸಾರದಲ್ಲಿ ಫಾಸ್ಫಟೇಸ್ ಚೆನ್ನಾಗಿ ಉಳಿದಿದೆ ಅಂದರೆ ಅದನ್ನು ಬಿಸಿ ಮಾಡಿ ಶುದ್ಧ ಮಾಡಿಲ್ಲ ಅಂತಲೇ ಅರ್ಥ. ಹಾಗಾದರೆ ಮಾಡಿದವರನ್ನು ಕೇಳಬೇಕಾದ್ದು ಇದು: ಮತ್ತೆ ಹೇಗೆ ಶುದ್ಧ ಮಾಡಿದಿರಿ? ಸೂಕ್ಷ್ಮ ಫಿಲ್ಟರಿನಲ್ಲಿ ಸೋಸಿದಿರಾ, ವಿಕಿರಣಕ್ಕೆ ಒಡ್ಡಿದಿರಾ? ಒಳ್ಳೆಯ ಕಂಪನಿಗಳ ಹತ್ತಿರ ಈ ಪ್ರಶ್ನೆಗೆ ಉತ್ತರವೂ ಇರುತ್ತದೆ, ಕಾಗದವೂ ಇರುತ್ತದೆ. ನಿಮ್ಮ ಡೀಲರ್ ಹತ್ತಿರ ಇದೆಯಾ ಅನ್ನೋದೇ ನನ್ನ ಚಿಂತೆ. ಹಾಗೆ ಶುದ್ಧ ಮಾಡದೆ ತುಂಬಿಸಿದ್ದರೆ, ಪ್ರೋಟೀನು ತುಂಬಿದ ನೀರು 42 ಡಿಗ್ರಿಯಲ್ಲಿ ಎರಡು ದಿನ ಕೂತಿದೆ. ಹೆಪ್ಪು ಹಾಕಿದ ಹಾಲು ಬೇಸಿಗೆಯಲ್ಲಿ ಎಷ್ಟು ಬೇಗ ಹುಳಿಯಾಗುತ್ತೆ ನಿಮಗೇ ಗೊತ್ತು.

ಕುರಿಯ ಮಾಸು ಅಂದಾಗ ಈ ಪ್ರಶ್ನೆ ಇನ್ನೂ ಜಾಸ್ತಿ ಮುಖ್ಯ. ಕುರಿ, ಆಡುಗಳು ಕಂದು ಹಾಕುವುದಕ್ಕೆ, ಅಂದರೆ ಗರ್ಭ ಇಳಿಯುವುದಕ್ಕೆ ಕಾರಣವಾಗುವ ಬ್ರುಸೆಲ್ಲಾ ಅನ್ನೋ ರೋಗಾಣು ಸೇರಿಕೊಂಡು ಬೆಳೆಯುವ ಮುಖ್ಯ ಜಾಗವೇ ಮಾಸು. ಕ್ಯೂ ಜ್ವರ ತರುವ ಕಾಕ್ಸಿಯೆಲ್ಲಾ ಕೂಡ ಹಾಗೇ, ಸೋಂಕಿದ ಕುರಿಯ ಮಾಸಿನಲ್ಲಿ ಲೆಕ್ಕವಿಲ್ಲದಷ್ಟು ಇರುತ್ತದೆ. ಇದು ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಉಸಿರಿನ ಜೊತೆ ಕೆಲವೇ ಕೆಲವು ಒಳಗೆ ಹೋದರೂ ಜ್ವರ ಬರಬಹುದು. ಹಾಲಿಗೆ ಎಷ್ಟು ಬಿಸಿ ಬೇಕು ಅಂತ ಮಟ್ಟ ಗೊತ್ತು ಮಾಡುವಾಗ ಲೆಕ್ಕಕ್ಕೆ ಹಿಡಿದದ್ದು ಇದೇ ಕಾಕ್ಸಿಯೆಲ್ಲಾವನ್ನು. ಬ್ರುಸೆಲ್ಲಾ ಮನುಷ್ಯರಿಗೆ ಬಂದರೆ ಬಿಟ್ಟು ಬಿಟ್ಟು ಜ್ವರ, ಮೈಯೆಲ್ಲ ಬೆವರು, ಕೀಲು ನೋವು, ವಾರಗಟ್ಟಲೆ ಮಾತ್ರೆ. ಬಸುರಿಯರಿಗೆ ಎರಡೂ ಅಪಾಯ.

ಆದ್ದರಿಂದ ನಿಮ್ಮ ಮಾವನವರ ಕುರಿಯ ಮಾಸು ಬೇಡ ಅಂದದ್ದು. ಅವರ ಕುರಿ ಕೆಟ್ಟದ್ದು ಅಂತಲ್ಲ. ಕೊಪ್ಪಳ, ರಾಯಚೂರು ಸೀಮೆಯ ಕೆಂಗುರಿ ಒಳ್ಳೆಯ ತಳಿ. ಆದರೆ ಯಾವ ಕುರಿಯಲ್ಲಿ ಏನಿದೆ ಅಂತ ನೋಡಿ ಹೇಳಲು ಬರೋದಿಲ್ಲ. ಮಿಕ್ಸಿಯಲ್ಲಿ ಮಾಸು ಅರೆದರೆ ಏಳುವ ಹನಿಗಳನ್ನು ಮೊದಲು ಉಸಿರಾಡೋದು ನೀವು, ನಿಮ್ಮ ಮನೆಯ ಮಕ್ಕಳು. ಕುದಿಸಿದರೆ ರೋಗಾಣು ಸಾಯುತ್ತದೆ, ಜೊತೆಗೆ ಕಿಣ್ವವೂ ಹೋಗುತ್ತದೆ. ಆಮೇಲೆ ಕೈಯಲ್ಲಿ ಉಳಿಯೋದು ಸಾರು. ಮಾವನವರಿಗೂ ಒಂದು ಮಾತು ಹೇಳಿ. ಕುರಿ ಈದಾಗ ಅಥವಾ ಕಂದು ಹಾಕಿದಾಗ ಮಾಸನ್ನು ಬರಿಗೈಯಲ್ಲಿ ಎತ್ತಬೇಡಿ, ಗ್ಲೌಸ್ ಹಾಕಿಕೊಳ್ಳಿ, ನಾಯಿ ಎಳೆಯದ ಹಾಗೆ ಆಳಕ್ಕೆ ಸುಣ್ಣ ಹಾಕಿ ಹೂಳಿ. ಬಸುರಿಯರನ್ನು ಆ ಹತ್ತಿರ ಬಿಡಬೇಡಿ. ಒಂದರ ಹಿಂದೊಂದು ಕುರಿ ಕಂದು ಹಾಕುತ್ತಿದ್ದರೆ ಪಶು ಆಸ್ಪತ್ರೆಗೆ ತಿಳಿಸಿ.

ಮನುಷ್ಯರ ಮಾಸಿನದು ಇನ್ನೂ ಒಳ್ಳೆಯದಾ ಅಂತ ಕೇಳಿದ್ದೀರಿ. ಯುರೋಪಿನಲ್ಲಿ ಮನುಷ್ಯರ ಅಂಗಾಂಶದಿಂದ ಮಾಡಿದ ಯಾವುದನ್ನೂ ಸೌಂದರ್ಯವರ್ಧಕಕ್ಕೆ ಬಳಸುವಂತಿಲ್ಲ. ನಮ್ಮ ದೇಶದಲ್ಲಿ 2011ರಲ್ಲಿ ಸರ್ಕಾರ ಮಾಸಿನ ಸಾರದ ಔಷಧಿಗಳನ್ನು ಎರಡೇ ಉಪಯೋಗಕ್ಕೆ ಸೀಮಿತ ಮಾಡಿತು: ಗಾಯಕ್ಕೆ ಹಚ್ಚುವುದು, ಮತ್ತು ಹೆಂಗಸರ ಕಿಬ್ಬೊಟ್ಟೆಯ ಒಂದು ಸೋಂಕಿಗೆ ಇಂಜೆಕ್ಷನ್. ಮುಖದ ಕಾಂತಿ ಆ ಪಟ್ಟಿಯಲ್ಲಿ ಇಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಗಾಯದ ಜೆಲ್ ತಂದು ಫೇಷಿಯಲ್‌ಗೆ ಹಚ್ಚುವವರೂ ಇದ್ದಾರೆ. ಅದು ಡಾಕ್ಟರು ಗಾಯಕ್ಕೆ ಬರೆಯುವ ಔಷಧಿ, ವಧುವಿನ ಪ್ಯಾಕೇಜಿಗೆ ಅಲ್ಲ. ಜಪಾನಿನಲ್ಲಿ ಮನುಷ್ಯರ ಮಾಸಿನ ಇಂಜೆಕ್ಷನ್ ಹಾಕಿಸಿಕೊಂಡವರ ರಕ್ತದಾನವನ್ನು 2006ರಿಂದ ಸ್ವೀಕರಿಸುವುದಿಲ್ಲ. ಯಾರಿಗೋ ರೋಗ ಬಂತು ಅಂತಲ್ಲ, ಬರಬಹುದಾದ್ದನ್ನು ತಳ್ಳಿಹಾಕಲು ಆಗಲ್ಲ ಅಂತ. ಇದರ ಜೊತೆಗೆ ಹಾರ್ಮೋನಿನ ಪ್ರಶ್ನೆ ಇದೆ. ಮಾಸಿನಲ್ಲಿ ಹೆಣ್ಣು ಹಾರ್ಮೋನುಗಳು ಇರುತ್ತವೆ, ಸಾರ ಮಾಡುವಾಗ ತೆಗೆದಿರಬೇಕು. ತೆಗೆದದ್ದಕ್ಕೆ ಕಾಗದ ಇಲ್ಲದ ಮಾಲನ್ನು ಚಿಕ್ಕ ಹುಡುಗಿಯರಿಗಂತೂ ಹಚ್ಚಲೇಬೇಡಿ.

'ಸಸ್ಯ ಪ್ಲಾಸೆಂಟಾ' ಅಂತಲೂ ಈಗ ಬರುತ್ತಿದೆ. ಅದು ಕಾಯಿಯ ಒಳಗೆ ಬೀಜ ಅಂಟಿಕೊಂಡಿರುವ ಭಾಗ. ನಮ್ಮ ಮೆಣಸಿನಕಾಯಿ ಸೀಳಿದರೆ ನಡುವೆ ಬಿಳಿ ತಿರುಳು ಕಾಣುತ್ತದಲ್ಲ, ಅದೂ ಪ್ಲಾಸೆಂಟಾನೇ, ಖಾರ ತಯಾರಾಗೋದು ಅಲ್ಲೇ. ಹೆಸರು ಒಂದೇ, ಸಂಬಂಧ ಏನೂ ಇಲ್ಲ. ರೋಗಾಣುವಿನ ಭಯ ಇಲ್ಲಿ ಬಹಳ ಕಡಿಮೆ, ಆದರೆ ಪವಾಡವೂ ಇಲ್ಲ.

ಈಗ ಮಾಡಬೇಕಾದ್ದು. ಡೀಲರ್‌ಗೆ ಫೋನ್ ಬೇಡ, ವಾಟ್ಸ್‌ಆಪ್‌ನಲ್ಲಿ ಬರೆದು ಕೇಳಿ, ಉತ್ತರ ಉಳಿಯುತ್ತದೆ. ಈ ಬ್ಯಾಚಿನ ಪರೀಕ್ಷಾ ವರದಿ ಕೊಡಿ, ಸೂಕ್ಷ್ಮಜೀವಿ ಎಣಿಕೆ ಎಷ್ಟು, ಕುರಿ ಯಾವ ದೇಶದ್ದು, ಹೇಗೆ ಶುದ್ಧ ಮಾಡಿದ್ದೀರಿ, ಹಾರ್ಮೋನ್ ಪರೀಕ್ಷೆ ಆಗಿದೆಯಾ, 2ರಿಂದ 8 ಡಿಗ್ರಿ ಅಂತ ಬರೆದ ಮಾಲನ್ನು ಐಸ್ ಜೆಲ್ ಇಲ್ಲದೆ ಯಾಕೆ ಕಳಿಸಿದಿರಿ. ಲೇಬಲ್ ಕೂಡ ನೋಡಿ. ಹೊರದೇಶದ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಲೇಬೇಕು, 2020ರ ಸೌಂದರ್ಯವರ್ಧಕ ನಿಯಮ ಹಾಗೆ ಹೇಳುತ್ತದೆ. ಇಲ್ಲಿಯದಾದರೆ ತಯಾರಿಕಾ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ. ಇವು ಇಲ್ಲದಿದ್ದರೆ ಉಳಿದ ವಯಲ್ ಎಷ್ಟೇ ತಿಳಿಯಾಗಿ ಕಂಡರೂ ಬಳಸಬೇಡಿ. ಹಣ ವಾಪಸ್ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಲೇಬಲ್ಲೇ ಸುಳ್ಳು ಅನಿಸಿದರೆ ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಒಂದು ಅರ್ಜಿ ಕೊಡಿ.

ಕಾಗದ ಎಲ್ಲ ಸರಿ ಇದ್ದು, ಕಂಪನಿಯವರೇ ಹೊಸ ಬ್ಯಾಚ್ ಕೊಡುತ್ತೇವೆ ಅಂದರೆ? ತೆಗೆದುಕೊಳ್ಳಬಹುದು. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಜೆಲ್ ಹಾಕಿ, ಹೈದರಾಬಾದಿನಿಂದ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿಸಿ, ಬೆಳಗ್ಗೆ ನೀವೇ ಹೋಗಿ ತನ್ನಿ. ಶನಿವಾರ ಕಳಿಸಬೇಡಿ ಅಂತ ಹೇಳಿ. ಫ್ರಿಜ್‌ನ ಬಾಗಿಲಲ್ಲಿ ಇಡಬೇಡಿ, ನಡುವಿನ ತಟ್ಟೆಯಲ್ಲಿ ಇಡಿ. ಫ್ರೀಜರ್ ಬೇಡ. ಒಮ್ಮೆ ಚುಚ್ಚಿದ ವಯಲ್ ಅವತ್ತೇ ಮುಗಿಸಿ, ಒಬ್ಬರಿಗೆ ಒಂದು. ಹಚ್ಚುವ ಎರಡು ದಿನ ಮೊದಲು ಮೊಣಕೈ ಒಳಭಾಗದಲ್ಲಿ ಒಂದು ಹನಿ ಹಚ್ಚಿ ನೋಡಿ. ಬಸುರಿಯರಿಗೆ ಬೇಡ. ಇಷ್ಟೆಲ್ಲ ಮಾಡಿದ ಮೇಲೂ ನಿಮಗೆ ಸಿಗೋದು ದುಬಾರಿ ಮಾಯಿಶ್ಚರೈಸರ್, ಅದನ್ನು ತಿಳಿದೇ ಕೊಳ್ಳಿ.

ನನ್ನನ್ನು ಕೇಳಿದರೆ ಐದು ವಧುಗಳಿಗೆ ಇದನ್ನು ಬಿಟ್ಟೇ ಬಿಡಿ. ಮದುವೆಗೆ ವಾರ ಇರುವಾಗ ಯಾವ ಹೊಸ ವಸ್ತುವೂ ಬೇಡ, ಪ್ಲಾಸೆಂಟಾ ಅಂತಲ್ಲ, ಯಾವುದೂ. ಮೂರ್ನಾಲ್ಕು ವಾರ ಇದ್ದರೆ ಗ್ಲಿಸರಿನ್ ಮತ್ತು ಹಯಲುರಾನಿಕ್ ಇರುವ ಒಳ್ಳೆಯ ಕಂಪನಿಯ ಸೀರಮ್, ನಿಯಾಸಿನಮೈಡ್ 5 ಪರ್ಸೆಂಟ್‌ನದು, ಹಗಲಿಗೆ ಸನ್‌ಸ್ಕ್ರೀನ್. ನಮ್ಮ ಬಿಸಿಲಿಗೆ ಆ ಸನ್‌ಸ್ಕ್ರೀನ್ ಒಂದೇ ಉಳಿದೆಲ್ಲದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಇವು ಯಾವುದಕ್ಕೂ ಐಸ್ ಡಬ್ಬಿ ಬೇಡ, ನೆರಳಲ್ಲಿ ಇಟ್ಟರೆ ಸಾಕು. ವಧುಗಳಿಗೆ 'ಮಾಲು ಬಿಸಿಲಿಗೆ ಸಿಕ್ಕಿತು, ನಿಮ್ಮ ಮುಖಕ್ಕೆ ಹಚ್ಚಲು ನನಗೆ ಮನಸ್ಸಿಲ್ಲ, ಬದಲಿಗೆ ಇದನ್ನು ಮಾಡುತ್ತೇನೆ, ಉಳಿದ ದುಡ್ಡು ಲೆಕ್ಕ ಹಾಕಿ ಕೊಡುತ್ತೇನೆ' ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಸಿಂಧನೂರು ದೊಡ್ಡ ಊರೇನಲ್ಲ, ಇಂಥ ಮಾತು ಬೇಗ ಹಬ್ಬುತ್ತದೆ, ನಿಮಗೆ ಒಳ್ಳೆಯದಕ್ಕೇ ಹಬ್ಬುತ್ತದೆ.

ಡೀಲರ್ ವರದಿ ಕಳಿಸಿದರೆ ನನಗೂ ಒಂದು ಪ್ರತಿ ಹಾಕಿ. ಫಾಸ್ಫಟೇಸ್ ಯೂನಿಟ್ ಎಷ್ಟಿದೆ ಅಂತ ನೋಡುವ ಮೊದಲು ಸೂಕ್ಷ್ಮಜೀವಿ ಎಣಿಕೆಯ ಸಾಲು ಹುಡುಕುತ್ತೇನೆ.